ನಾಲ್ಕು ಮಡಿಕೆಯ ಚೀಟಿ

ಜೂನ್ 14

ಪ್ರೀತಿಯ ಅವಸರಿ,

ನೀನು ಹೋಗಿ ಹದಿನೈದು ದಿನವಾಯಿತು. ಪಕ್ಕದ ಕೋಣೆ ಎಷ್ಟು ಸದ್ದಿಲ್ಲದೆ ಇದೆಯೆಂದರೆ, ಮಕ್ಕಳನ್ನು ಮನೆಗೆ ಕಳಿಸಿಬಿಟ್ಟರೋ ಏನೋ ಎಂದು ಎರಡು ಸಲ ಹೋಗಿ ಇಣುಕಿ ಬಂದೆ. ಇಲ್ಲ, ನಲವತ್ತು ತಲೆಗಳೂ ಇದ್ದವು. ನಿನ್ನ ಜಾಗಕ್ಕೆ ಬಂದಿರುವ ಮೇಷ್ಟ್ರು ಕಾಪಿ ಬರೆಸುತ್ತಿದ್ದರು. ನಾಲ್ಕು ವರ್ಷ ಗೋಡೆಯಾಚೆಯಿಂದ ನಿನ್ನ ಗಲಾಟೆ ಕೇಳಿ ಬೈದುಕೊಂಡವಳು ನಾನೇ. ಈಗ ಆ ಗಲಾಟೆಯಿಲ್ಲದೆ ನನ್ನ ಪಾಠವೂ ಸಪ್ಪೆಯಾಗಿದೆ.

‘ಮಕ್ಕಳೇ ಇಲ್ಲದ ಕಟ್ಟಡದಲ್ಲಿ ಕೂತು ಟೀಚರುಗಳಿಗೆ ತರಬೇತಿ ಕೊಡಬೇಕಂತೆ ಅಕ್ಕ, ನೀವು ಬರೀತಾ ಇರಿ, ಇಲ್ಲಾಂದ್ರೆ ನಾನು ಒಣಗಿಹೋಗ್ತೀನಿ’ ಎಂದು ಹೊರಡುವಾಗ ಹೇಳಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ವರ್ಷದ ಮೂರನೇ ತರಗತಿಗೆ ‘ಯಾಕೆ ಡಬ್ಬಿ’ ಇಟ್ಟಿದ್ದೇನೆ. ಬಿಸ್ಕತ್ತಿನ ಖಾಲಿ ಡಬ್ಬಿ, ಮುಚ್ಚಳದಲ್ಲಿ ತೂತು. ತಲೆಯೊಳಗೆ ಏನು ಪ್ರಶ್ನೆ ಬಂದರೂ ಚೀಟಿಯಲ್ಲಿ ಬರೆದು ಹಾಕಬೇಕು. ಬರೆಯಲು ಬರದವರು ಚಿತ್ರ ಬಿಡಿಸಬಹುದು. ದಿನಾ ಬೆಳಿಗ್ಗೆ ಒಂದು ಚೀಟಿ ಎತ್ತುತ್ತೇವೆ. ಉತ್ತರ ನಾನು ಹೇಳುವುದಿಲ್ಲ, ಅವರೇ ಹುಡುಕಿ ತರಬೇಕು. ‘ಇರುವೆಗೆ ನೆಗಡಿ ಆಗುತ್ತಾ?’ ಎಂಬುದಕ್ಕೆ ಮೂರು ದಿನ ಪಾಠ ನಿಂತಿತು. ಗೋಡೆಬದಿಯಲ್ಲಿ ಮಂಡಿಯೂರಿದ್ದ ನನ್ನನ್ನು ನೋಡಿ ದೊಡ್ಡಮೇಡಂ, ಅದೇ ಮುಖ್ಯೋಪಾಧ್ಯಾಯಿನಿಯವರು, ‘ಏನಾದ್ರೂ ಬಿದ್ದುಹೋಯ್ತಾ?’ ಎಂದರು.

ಇನ್ನೊಂದು ನಿಯಮವಿದೆ. ಒಂದು ಸಲ ಮಡಿಚಿದ ಚೀಟಿ ಎಲ್ಲರದು. ನಾಲ್ಕು ಸಲ ಮಡಿಚಿದ್ದು ನನಗೊಬ್ಬಳಿಗೆ. ಅದನ್ನು ಗಟ್ಟಿಯಾಗಿ ಓದುವುದಿಲ್ಲ, ಯಾರಿಗೂ ತೋರಿಸುವುದಿಲ್ಲ ಎಂದು ಮಕ್ಕಳ ಮುಂದೆ ಕೈ ಎತ್ತಿ ಹೇಳಿದ್ದೇನೆ.

ಕೊನೆಯ ಬೆಂಚಿನಲ್ಲಿ ಒಬ್ಬಳಿದ್ದಾಳೆ. ಏನು ಕೇಳಿದರೂ ಪಿಸುಗುಡುತ್ತಾಳೆ, ಹಾಗಾಗಿ ನನ್ನ ಮಟ್ಟಿಗೆ ಅವಳು ‘ಪಿಸುಗುಟ್ಟಿ’. ಪುಸ್ತಕ ಹಿಡಿದು ಗಡಗಡ ಓದುತ್ತಾಳೆ. ನಿನ್ನೆ ಅವಳು ಓದುತ್ತಿರುವಾಗ ಪುಟ ತಿರುಗಿಸಿಬಿಟ್ಟೆ. ಹಳೆಯ ಪುಟವನ್ನೇ ಓದುತ್ತಾ ಹೋದಳು! ಪಕ್ಕದವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿದ್ದಾಳೆ. ಒಂದಕ್ಷರವೂ ಬರುವುದಿಲ್ಲ. ಎರಡು ವರ್ಷ ಯಾರಿಗೂ ಗೊತ್ತಾಗಿಲ್ಲ ನೋಡು.

ಊಟ ಸರಿಯಾಗಿ ಮಾಡು. ನಿಂತುಕೊಂಡು ತಿನ್ನಬೇಡ.

ನಿನ್ನ ಅಕ್ಕ

*

ಜೂನ್ 29

ಅಕ್ಕನಿಗೆ ನಮಸ್ಕಾರ,

ನಿಮ್ಮ ಪತ್ರವನ್ನು ಲಿಫ್ಟಿನಲ್ಲೇ ನಿಂತು ಓದಿದೆ, ನನ್ನ ಮಹಡಿ ದಾಟಿಹೋಯಿತು. ಇಲ್ಲಿ ಐದು ಜನ ಕೂತು ‘ಕುತೂಹಲ’ದ ವ್ಯಾಖ್ಯೆ ಬರೆಯುತ್ತಿದ್ದೇವೆ ಅಕ್ಕ. ಎರಡು ವಾರದಿಂದ! ಇರುವೆಯ ನೆಗಡಿ ಕಥೆ ಹೇಳಿದೆ, ಒಬ್ಬರೂ ನಗಲಿಲ್ಲ. ಮೇಲಿನವರೊಬ್ಬರು ‘ಇದಕ್ಕೆ ಪುರಾವೆ ಏನು?’ ಎಂದು ಕೇಳಿದರು.

ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ? ಕೆಲಸಕ್ಕೆ ಸೇರಿದ ಮೊದಲ ದಿನ ಮಕ್ಕಳ ಮುಂದೆ ಅತ್ತುಬಿಟ್ಟಾಗ, ನೀವು ಬಾಗಿಲಲ್ಲಿ ನಿಂತು ‘ಟೀಚರ್ ಕಣ್ಣಿಗೆ ಸೀಮೆಸುಣ್ಣದ ಪುಡಿ ಬಿತ್ತು’ ಎಂದು ಸುಳ್ಳು ಹೇಳಿ ಕಾಪಾಡಿದ್ದಿರಿ. ಮರೆತಿಲ್ಲ.

ಪಿಸುಗುಟ್ಟಿಯ ವಿಷಯ ಬರೆಯುತ್ತಿರಿ. ಎಲ್ಲವನ್ನೂ ಬರೆಯಿರಿ. ಊಟ ಕೂತೇ ಮಾಡುತ್ತಿದ್ದೇನೆ (ಇದು ಸುಳ್ಳು).

ನಿಮ್ಮ ಅವಸರಿ

*

ಆಗಸ್ಟ್ 3

ಪ್ರೀತಿಯ ಅವಸರಿ,

ಕಳೆದ ತಿಂಗಳು ನನ್ನ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ತುಕ್ಕು ಹಿಡಿದ ಗೇಟಿನ ಸದ್ದು. ರಜೆ ಹಾಕಲು ಮನಸ್ಸಾಗಲಿಲ್ಲ. ಒಂದು ಕಟ್ಟು ಚೀಟಿ ಹಿಡಿದುಕೊಂಡು ಹೋದೆ. ಇಡೀ ದಿನ ಒಂದು ಮಾತಿಲ್ಲ, ಹೇಳಬೇಕಾದ್ದನ್ನೆಲ್ಲ ಬರೆದು ಒಬ್ಬೊಬ್ಬರ ಕೈಗೆ ಕೊಡುವುದು. ‘ಬಾಗಿಲ ಹಿಂದೆ ಏನಿದೆ ನೋಡಿ ಬಾ.’ ‘ನಿನ್ನ ಪಕ್ಕದವನು ಹುಟ್ಟಿದ ದಿನ ಇವತ್ತು. ಅವನಿಗೆ ತಿಳಿಯದ ಹಾಗೆ ಎಲ್ಲರಿಗೂ ಹೇಳು.’ ಓದದೆ ಇದ್ದರೆ ಆಟವೇ ತಪ್ಪಿಹೋಗುತ್ತದೆ, ಅದಕ್ಕೆ ಓದಿದರು. ಪಠ್ಯಪುಸ್ತಕ ಕಂಡರೆ ಆಕಳಿಸುವವರೂ ಕುತ್ತಿಗೆ ಚಾಚಿ ಓದಿದರು. ಮಕ್ಕಳು ಇದಕ್ಕೆ ‘ಮೂಕ ದಿನ’ ಎಂದು ಹೆಸರಿಟ್ಟಿದ್ದಾರೆ. ಗಂಟಲು ವಾಸಿಯಾದ ಮೇಲೂ ‘ಮಿಸ್, ಇನ್ನೊಂದ್ಸಲ ಹುಷಾರು ತಪ್ಪಿ’ ಎಂದು ಗೋಗರೆದರು.

ಜೂನ್‌ನಿಂದ ದಿನಾ ಬಿಡುವಿನಲ್ಲಿ ಅಕ್ಷರ ತಿದ್ದಿಸುತ್ತಿದ್ದೆನಲ್ಲ, ಪಿಸುಗುಟ್ಟಿಗೂ ಒಂದು ಚೀಟಿ ಕೊಟ್ಟೆ. ‘ಕಿಟಕಿಯ ಹೊರಗೆ ಪಾರಿವಾಳ ಎರಡು ಮೊಟ್ಟೆ ಇಟ್ಟಿದೆ. ಸದ್ದು ಮಾಡದೆ ಹೋಗಿ ನೋಡು.’ ಪಕ್ಕದವಳಿಗೆ ತೋರಿಸಲು ಹೋದಳು, ಬೇಡ ಎಂದು ತಲೆಯಾಡಿಸಿದೆ. ಚೀಟಿಯನ್ನು ಒಂದು ಗಂಟೆ ಕೈಯಲ್ಲಿ ಹಿಡಿದಿದ್ದಳು. ಬೆವರಿಗೆ ಅಕ್ಷರ ಕದಡಿತು. ಗೋಡೆಯ ಮೇಲಿನ ಅಕ್ಷರಮಾಲೆ ನೋಡುತ್ತಾಳೆ, ಚೀಟಿ ನೋಡುತ್ತಾಳೆ, ಮತ್ತೆ ಗೋಡೆ. ಮಧ್ಯಾಹ್ನ ಎಲ್ಲರೂ ಕೈ ತೊಳೆಯಲು ಹೋದಾಗ ಮೆಲ್ಲನೆ ಎದ್ದು, ತುದಿಗಾಲಲ್ಲಿ ಕಿಟಕಿಯ ಹತ್ತಿರ ಹೋದಳು. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥದ್ದು ಎಷ್ಟು ಸಲ ಆಗುತ್ತದೆ ಹೇಳು.

ಆಮೇಲೆ ಕಟ್ಟೆ ಒಡೆದ ಹಾಗೆ ಕಲಿತಳು. ಅಂಗಡಿ ಬೋರ್ಡು, ಬಸ್ಸಿನ ಟಿಕೆಟ್ಟು, ಸೋಪಿನ ಕಾಗದ, ಏನು ಸಿಕ್ಕರೂ ಓದು.

ಮುಂದಿನದು ನಿನಗೆ ಹೇಳಬಾರದು. ಆದರೆ ಯಾರಿಗೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತದೆ. ಓದಿ ಮರೆತುಬಿಡು. ಹೋದ ವಾರ ಡಬ್ಬಿಯಲ್ಲಿ ಅವಳ ಚೀಟಿಯಿತ್ತು. ನಾಲ್ಕು ಮಡಿಕೆ. ಅವಳು ಸ್ವಂತವಾಗಿ ಬರೆದ ಮೊದಲ ಮಾತುಗಳು. ‘ನಮ್ಮಪ್ಪಂಗೆ ಓದಕೆ ಬರಲ್ಲ. ಯಾರ್ಗೂ ಹೇಳ್ಬಾರ್ದು. ನಾನೀಗ ಅಪ್ಪನ್ಗಿಂತ ದೊಡ್ಡೋಳಾ?’

ಅಪ್ಪ ಔಷಧಿ ಗೋದಾಮಿನಲ್ಲಿ ಡಬ್ಬ ವಿಂಗಡಿಸುವ ಕೆಲಸ ಮಾಡುತ್ತಾರೆ. ಹನ್ನೊಂದು ವರ್ಷದಿಂದ. ಅಲ್ಲಿ ಯಾರಿಗೂ ಗೊತ್ತಿಲ್ಲ. ಬಾಯಿಪಾಠದ ವಿದ್ಯೆ ಮಗಳಿಗೆ ಎಲ್ಲಿಂದ ಬಂತು ಎಂದು ಈಗ ತಿಳಿಯಿತು.

ಅವಳಿಗೆ ಏನು ಉತ್ತರ ಕೊಡಲಿ?

ನಿನ್ನ ಅಕ್ಕ

*

ಆಗಸ್ಟ್ 11

ಅಕ್ಕ,

ಓದಿ ಅತ್ತುಬಿಟ್ಟೆ. ಪಕ್ಕದ ಮೇಜಿನವರು ಯಾರಾದರೂ ತೀರಿಕೊಂಡರಾ ಎಂದು ಕೇಳಿದರು.

ಒಂದು ಮಾತು. ಓದಲು ಬರದೆ ಅವರು ಡಬ್ಬಗಳನ್ನು ಹೇಗೆ ಗುರುತು ಹಿಡಿಯುತ್ತಾರೆ? ಇಷ್ಟು ವರ್ಷ ಹೇಗೆ ನಿಭಾಯಿಸಿದರು? ಸುಮ್ಮನೆ ಕೇಳಿದೆ, ತಿಳಿದುಕೊಳ್ಳುವ ಆಸೆ. ಬೇಗ ಬರೆಯಿರಿ.

ನಿಮ್ಮ ಅವಸರಿ

*

ಆಗಸ್ಟ್ 19

ಪ್ರೀತಿಯ ಅವಸರಿ,

ನಿನಗೋಸ್ಕರ ಅವಳನ್ನು ಕೇಳಿದೆ. ಬಿಡುವಿನಲ್ಲಿ ನನ್ನ ಕುರ್ಚಿಗೆ ಆತುಕೊಂಡು ನಿಂತು ಕಿವಿಯಲ್ಲಿ ಹೇಳಿದಳು. ಅಪ್ಪ ಡಬ್ಬದ ಮೇಲಿನ ಹೆಸರನ್ನು ಚಿತ್ರದ ಹಾಗೆ ನೋಡುತ್ತಾರಂತೆ. ಒಂದಕ್ಕೆ ಬಾಲ ಉದ್ದ, ಒಂದಕ್ಕೆ ಎರಡು ಕೊಂಬು, ಒಂದು ಮಲಗಿದ ಬೆಕ್ಕು. ಹೊಸ ಔಷಧಿ ಬಂದ ದಿನ ಕನ್ನಡಕ ಮರೆತೆನೆಂದು ಬೇರೆಯವರ ಕೈಯಲ್ಲಿ ಓದಿಸಿಕೊಂಡು, ಆ ಚಿತ್ರ ನೆನಪಿಟ್ಟುಕೊಳ್ಳುತ್ತಾರೆ. ಅವರಿಗೆ ಕನ್ನಡಕವೇ ಇಲ್ಲ.

ಹೇಳಿ ಮುಗಿಸಿ ‘ನಾಲ್ಕು ಮಡಿಕೆ, ಮಿಸ್’ ಎಂದಳು. ‘ನಾಲ್ಕು ಮಡಿಕೆ’ ಎಂದೆ.

ನಿನ್ನ ಅಕ್ಕ

*

ಜನವರಿ 9

ಅವಸರಿ,

ಸೆಪ್ಟೆಂಬರಿನಿಂದ ನಿನಗೆ ಮೂರು ಪತ್ರ ಬರೆದೆ. ಉತ್ತರವಿಲ್ಲ. ಕೈತುಂಬ ಕೆಲಸವಿರಬೇಕು ಎಂದು ಸುಮ್ಮನಿದ್ದೆ. ಏನು ಕೆಲಸ ಎಂಬುದು ಶನಿವಾರ ಪೂರ್ತಿ ತಿಳಿಯಿತು.

ಡಿಸೆಂಬರಿನಲ್ಲೇ ಸುತ್ತೋಲೆ ಬಂದಿತ್ತು. ಎಲ್ಲ ತರಗತಿಗಳಲ್ಲೂ ಯಾಕೆ ಡಬ್ಬಿ, ತಿಂಗಳ ಎರಡನೇ ಗುರುವಾರ ಮೂಕ ದಿನ. ಜೊತೆಗೆ ತುಂಬಿಸಲು ಫಾರಂ. ತಪಾಸಣೆಗೆ ಬಂದ ಸಾಹೇಬರು, ಬೆಂಚಿನಿಂದ ಬಿದ್ದ ಮಗುವಿಗೆ ನಾನು ‘ಅಯ್ಯೋ, ಏಟಾಯ್ತಾ?’ ಎಂದದ್ದಕ್ಕೆ ‘ಮೌನಪಾಲನೆ ತೃಪ್ತಿಕರವಾಗಿಲ್ಲ’ ಎಂದು ಬರೆದು ಹೋದರು. ನನ್ನದೇ ಆಟದಲ್ಲಿ ನಾನೇ ಫೇಲು! ನಗು ಬಂತು. ಸುತ್ತೋಲೆಯ ಕೆಳಗೆ ನಿನ್ನ ಹೆಸರು ನೋಡಿ, ಹೇಳದೆ ತೆಗೆದುಕೊಂಡಳಲ್ಲ ಎಂದು ಸ್ವಲ್ಪ ಚುಚ್ಚಿತು. ಹೋಗಲಿ, ಮಕ್ಕಳಿಗೆ ತಲುಪಿದರೆ ಸಾಕು ಎಂದುಕೊಂಡೆ. ಅಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಶನಿವಾರ ಪೋಷಕರ ಸಭೆ. ಟೀಚರುಗಳಿಗೆಂದು ನೀನು ಬರೆದ ಕೈಪಿಡಿಯ ಒಂದೇ ಒಂದು ಪ್ರತಿ ದೊಡ್ಡಮೇಡಂಗೆ ಬಂದಿತ್ತು. ‘ನಮ್ಮಲ್ಲೇ ಇದ್ದ ಟೀಚರ್ ಬರೆದದ್ದು’ ಎಂದು ಹೆಮ್ಮೆಯಿಂದ ಕನ್ನಡಕ ಏರಿಸಿ ಅರವತ್ತಮೂರನೇ ಪುಟ ಓದತೊಡಗಿದರು. ಮೇಲ್ಗಡೆ ನಾಲ್ಕು ಮಡಿಕೆಯ ನಿಯಮ, ‘ಈ ವಿಶ್ವಾಸವನ್ನು ಎಂದಿಗೂ ಮುರಿಯಬಾರದು’ ಎಂಬ ಸೂಚನೆ. ಅದರ ಕೆಳಗೇ ಆ ಚೀಟಿ. ಅವಳ ತಪ್ಪುಗಳ ಸಮೇತ. ಅದರ ಕೆಳಗೆ ಔಷಧಿ ಗೋದಾಮು, ಹನ್ನೊಂದು ವರ್ಷ, ಎರಡು ಕೊಂಬು, ಮಲಗಿದ ಬೆಕ್ಕು, ಇಲ್ಲದ ಕನ್ನಡಕ.

ಅಪ್ಪ ಮಗಳು ಹಿಂದಿನ ಸಾಲಿನಲ್ಲಿದ್ದರು. ಅವರು ಗೋದಾಮಿನ ಸಮವಸ್ತ್ರದಲ್ಲೇ ಬಂದಿದ್ದರು. ಓದು ಶುರುವಾದಾಗ ಪಿಸುಗುಟ್ಟಿಯ ತುಟಿಗಳು ಅಲ್ಲಾಡುತ್ತಿದ್ದವು. ತಾನು ಬರೆದದ್ದು ಅವಳಿಗೆ ಬಾಯಿಪಾಠವಾಗಿತ್ತು. ಆಮೇಲೆ ನಿಂತವು. ಮುಂದಿನ ಸಾಲಿನಲ್ಲಿ ಅದೇ ಗೋದಾಮಿನ ಲಾರಿ ಚಾಲಕರೊಬ್ಬರಿದ್ದರು. ಅವರು ಹಿಂತಿರುಗಿ ನೋಡಿದರು. ಬೇರೇನೂ ಮಾಡಲಿಲ್ಲ, ನೋಡಿದರು ಅಷ್ಟೇ. ಅಪ್ಪ ಎದ್ದು, ಮಗಳ ಚೀಲ ಹೆಗಲಿಗೆ ಹಾಕಿಕೊಂಡು, ಕುರ್ಚಿಯನ್ನು ಸದ್ದಾಗದ ಹಾಗೆ ಸರಿಸಿ ಹೊರಗೆ ಹೋದರು.

ಮಗಳು ಬಾಗಿಲಲ್ಲಿ ತಿರುಗಿ ನೋಡಿದ್ದು ದೊಡ್ಡಮೇಡಂ ಕಡೆಗಲ್ಲ. ನನ್ನ ಕಡೆಗೆ.

ಏನು ಮಾಡಿದೆ ನೀನು?

ಅಕ್ಕ

*

ಜನವರಿ 20

ಅಕ್ಕ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನಾನು ಯಾರ ಹೆಸರೂ ಹಾಕಿಲ್ಲ. ಊರು ಹಾಕಿಲ್ಲ, ಶಾಲೆ ಹಾಕಿಲ್ಲ. ಪುಸ್ತಕ ನಿಮ್ಮ ಶಾಲೆಗೇ ಹೋಗುತ್ತದೆ, ಅದೇ ಸಭೆಯಲ್ಲಿ ಅದೇ ಪುಟ ಓದುತ್ತಾರೆ ಎಂದು ಕನಸು ಕಂಡಿದ್ದೆನಾ? ‘ಆಟಗಳು ಚೆನ್ನಾಗಿವೆ, ಆದರೆ ಒಂದು ಜೀವ ಬೇಕು, ಒಂದು ಮಗು ಬೇಕು’ ಎಂದು ಮೇಲಿನವರು ಮೂರು ಸಲ ವಾಪಸು ಕಳಿಸಿದರು. ನನ್ನ ಹತ್ತಿರ ಮಗು ಇರಲಿಲ್ಲ. ನಿಮ್ಮ ಪತ್ರ ಇತ್ತು.

ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ. ಅದಕ್ಕೇ ಕೇಳಲಿಲ್ಲ. ಇಷ್ಟಾದರೂ ನಿಜ ಹೇಳುತ್ತೇನೆ.

ಆದರೆ ಇದನ್ನೂ ಯೋಚಿಸಿ. ಒಂಬೈನೂರು ಶಾಲೆಗಳಲ್ಲಿ ಈಗ ಆ ಡಬ್ಬಿ ಇದೆ. ಎಷ್ಟು ಪಿಸುಗುಟ್ಟಿಯರು ಕಿಟಕಿಯ ಹತ್ತಿರ ಎದ್ದು ಹೋಗಿರಬಹುದು! ನೀವು ಇಂಥ ಆಟಗಳನ್ನು ಹದಿನೆಂಟು ವರ್ಷ ನಾಲ್ಕು ಗೋಡೆಯೊಳಗೆ ಇಟ್ಟುಕೊಂಡಿರಿ. ನೀವು ಎಂದಾದರೂ ಬರೆಯುತ್ತಿದ್ದಿರಾ ಅಕ್ಕ? ಎದೆ ಮುಟ್ಟಿಕೊಂಡು ಹೇಳಿ.

ಮುಂದಿನ ಮುದ್ರಣದಲ್ಲಿ ನಿಮಗೆ ಸಲ್ಲಬೇಕಾದ್ದು ಸಲ್ಲುತ್ತದೆ. ಆ ಅಪ್ಪನ ವಿಳಾಸ ಕಳಿಸಿ, ಕ್ಷಮೆ ಕೇಳಿ ಪತ್ರ ಬರೆಯುತ್ತೇನೆ.

ಅವಸರಿ

*

ಫೆಬ್ರವರಿ 2

ಅವಸರಿ,

ಪತ್ರ ಬರೆಯುತ್ತೀಯಾ? ಯಾರು ಓದಿ ಹೇಳಬೇಕು? ಮಗಳಾ?

ನೀನು ಕೇಳಿದ್ದಕ್ಕೆ ಉತ್ತರ. ಇಲ್ಲ, ನಾನು ಎಂದೂ ಬರೆಯುತ್ತಿರಲಿಲ್ಲ. ಅದು ನನ್ನ ಸೋಮಾರಿತನವೂ ಹೌದು, ಅಂಜಿಕೆಯೂ ಹೌದು. ಆಟಗಳನ್ನು ನೀನು ಒಯ್ದದ್ದಕ್ಕೆ ನನಗೆ ಈಗ ಸಿಟ್ಟಿಲ್ಲ. ನನ್ನ ಸಿಟ್ಟು ಆ ಒಂದು ಪುಟದ ಮೇಲೆ.

ಭಾನುವಾರ ಅವರ ಮನೆಗೆ ಹೋಗಿದ್ದೆ. ಎರಡನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಮಗಳು ನನ್ನನ್ನು ನೋಡಿ ಅಡುಗೆಮನೆಗೆ ಹೋಗಿ ಅಮ್ಮನ ಹಿಂದೆ ಕೂತಳು. ಕೈಪಿಡಿಯನ್ನು ದೊಡ್ಡಮೇಡಂ ಹತ್ತಿರ ಕೇಳಿ ತೆಗೆದುಕೊಂಡು ಹೋಗಿದ್ದೆ. ‘ಇದನ್ನ ಬರೆದೋಳಿಗೆ ಹೇಳಿದ್ದು ನಾನೇ’ ಎಂದೆ. ಅಪ್ಪ ಕೈಪಿಡಿಯನ್ನು ತಿರುಗಿಸಿ ನೋಡಿ, ನನ್ನ ಕಡೆಗೇ ಸರಿಸಿದರು.

‘ಅವತ್ತು ಅರ್ಧಕ್ಕೇ ಎದ್ದು ಬಂದೆ ಟೀಚರ್’ ಎಂದರು. ‘ಪೂರ್ತಿ ಓದಿ. ನನ್ ಬಗ್ಗೆ ಏನಿದೆ ಅಂತ ನನಗೇ ಗೊತ್ತಿಲ್ವಲ್ಲ.’

ಓದಿದೆ. ಅಂಥ ಓದು ಯಾರಿಗೂ ಬರಬಾರದು. ಸಭೆಯಲ್ಲಿ ಅವರು ಎದ್ದು ಹೋದಾಗ ದೊಡ್ಡಮೇಡಂ ಓದು ನಿಲ್ಲಿಸಿದ್ದರು, ಹಾಗಾಗಿ ಕೊನೆಯ ಸಾಲುಗಳನ್ನು ನಾನೂ ಈ ಭಾನುವಾರವೇ ಮೊದಲು ನೋಡಿದ್ದು. ‘ಇಂದು ಆ ತಂದೆ ಮಗಳ ಪಕ್ಕದಲ್ಲಿ ಕುಳಿತು ದಿನಪತ್ರಿಕೆ ಓದುತ್ತಾರೆ. ಮಗಳೇ ಅವರ ಗುರು.’

ಅವರು ನಕ್ಕರು. ‘ಪರವಾಗಿಲ್ವೇ, ಪುಸ್ತಕದಲ್ಲಿ ನನಗೆ ಓದು ಕಲಿಸಿಬಿಟ್ಟಿದ್ದಾರೆ! ನಂಗೊಂದು ಮಾತು ಹೇಳಿ ಕಲಿಸಬಾರದಿತ್ತಾ?’

ಅವರನ್ನು ವಿಂಗಡಣೆಯಿಂದ ತೆಗೆದು ಲೋಡಿಂಗ್‌ಗೆ ಹಾಕಿದ್ದಾರೆ. ಔಷಧಿ ವಿಷಯ, ಹೆಚ್ಚುಕಮ್ಮಿ ಆದರೆ ಯಾರು ಹೊಣೆ ಎಂದರಂತೆ. ‘ಅವ್ರದ್ದೂ ತಪ್ಪಲ್ಲ ಬಿಡಿ. ಆದ್ರೆ ಹನ್ನೊಂದು ವರ್ಷ, ಒಂದು ಡಬ್ಬ ತಪ್ಪಿಲ್ಲ. ಅದನ್ನ ಬರೀಲಿಲ್ವಲ್ಲ ಅವರು’ ಎಂದರು. ಅವರ ಬೆನ್ನು ನೋಯುತ್ತದೆ. ಕೂರುವಾಗ ಗೋಡೆ ಹಿಡಿದುಕೊಳ್ಳುತ್ತಾರೆ.

ಹೊರಡುವಾಗ ನಾನೇ ಕಲಿಸುತ್ತೇನೆ, ದಿನಾ ಸಂಜೆ ಬರುತ್ತೇನೆ ಎಂದೆ. ‘ಬೇಡ ಟೀಚರ್. ಈಗ ಕಲಿತರೆ ಅವರ ಪುಸ್ತಕ ನಿಜ ಆಗಿಬಿಡುತ್ತೆ’ ಎಂದರು.

ಮಗಳು ಶಾಲೆಗೆ ಬರುತ್ತಾಳೆ. ನಿಲ್ಲಿಸಿ ಓದು ಎಂದರೆ ತಡವರಿಸದೆ ಓದುತ್ತಾಳೆ, ಕೂರುತ್ತಾಳೆ. ಡಬ್ಬಿಗೆ ಚೀಟಿ ಹಾಕುವುದಿಲ್ಲ. ಏನನ್ನೂ ಕೇಳುವುದಿಲ್ಲ. ಸುತ್ತೋಲೆಯಂತೆ ವಾರಕ್ಕೆ ತಲಾ ಎರಡು ಪ್ರಶ್ನೆ ಕಡ್ಡಾಯ, ಹಾಗಾಗಿ ಫಾರಂನಲ್ಲಿ ಅವಳ ಹೆಸರಿನ ಮುಂದೆ ಪ್ರತಿ ವಾರ ಸೊನ್ನೆ ಬರೆಯುತ್ತಿದ್ದೇನೆ.

ನನ್ನ ಪಾಲಿನದನ್ನು ನಾನು ಹೋಗಿ ಹೇಳಿ ಬಂದೆ. ನಿನ್ನ ಪಾಲಿನದು ಬಾಕಿಯಿದೆ. ಬಂದು ಅವರ ಎದುರು ಕೂತು, ಆ ಪುಟವನ್ನು ನಿನ್ನ ಬಾಯಿಂದ ಓದು. ಕೊನೆಯ ಸಾಲಿನವರೆಗೆ.

ಅಕ್ಕ

*

ಫೆಬ್ರವರಿ 12

ಅಕ್ಕ,

ಬರುತ್ತೇನೆ. ಇಪ್ಪತ್ತೈದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಅವರಿಗೆ ಹೇಳಿಡಿ. ನೀವು ಪಕ್ಕದಲ್ಲಿ ಇರಿ, ಒಬ್ಬಳೇ ನನ್ನ ಕೈಲಾಗುವುದಿಲ್ಲ.

ಕೊನೆಯ ಎರಡು ಸಾಲು ನನ್ನವಲ್ಲ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ನನ್ನವೇ. ಸುಖವಾಗಿ ಮುಗಿಯಲಿ ಎಂದು ಬರೆದೆ.

ನಿಮ್ಮ ಅವಸರಿ

*

ಏಪ್ರಿಲ್ 4

ತರಬೇತಿ ವಿಭಾಗದ ಮೇಡಂ ಅವರಿಗೆ,

ಫೆಬ್ರವರಿ ಇಪ್ಪತ್ತೈದರಂದು ಪಿಸುಗುಟ್ಟಿಯ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕೆಳಗಿನ ಮನೆಯಿಂದ ಒಂದು ಕುರ್ಚಿ ತಂದಿದ್ದರು, ನಿಮಗೆ. ಮಗಳ ಅಮ್ಮ ಎರಡು ಸಲ ಚಹಾ ಬಿಸಿ ಮಾಡಿದರು. ಹನ್ನೆರಡೂವರೆಗೆ ಅವರು ಕುರ್ಚಿಯನ್ನು ಎತ್ತಿಕೊಂಡು ಕೆಳಗಿಳಿದರು. ಬೆನ್ನು ನೋವಿನವರು, ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ‘ಬಸ್ ಸಿಕ್ಕಿರಲ್ಲ ಬಿಡಿ’ ಎಂದರು. ನಿಮ್ಮ ಪರವಾಗಿ ಮಾತಾಡಿದವರು ಆ ಮನೆಯಲ್ಲಿ ಅವರೊಬ್ಬರೇ.

ಮೂರು ವಾರ ಕಾದೆ. ಪತ್ರ ಬರಲಿಲ್ಲ, ಪಾರ್ಸಲ್ ಬಂತು. ಎರಡನೇ ಮುದ್ರಣ. ಅರವತ್ತಮೂರನೇ ಪುಟ ತೆಗೆದೆ. ‘ಗೋದಾಮು’ ಈಗ ‘ಉಗ್ರಾಣ’ ಆಗಿದೆ. ‘ಹನ್ನೊಂದು ವರ್ಷ’ ‘ಹತ್ತಾರು ವರ್ಷ’ ಆಗಿದೆ. ದಿನಪತ್ರಿಕೆ ಹಾಗೆಯೇ ಇದೆ.

ಮೊದಲ ಪುಟದಲ್ಲಿ ನನಗೆ ಸಲ್ಲಬೇಕಾದ್ದು ಸಲ್ಲಿಸಿದ್ದೀರಿ. ‘ಕೃತಜ್ಞತೆ: ಈ ಪುಸ್ತಕದ ಜೀವವಾದ ಆ ಹುಡುಗಿಯನ್ನು ನನಗೆ ಕೊಟ್ಟ, ಪಕ್ಕದ ಕೋಣೆಯ ನನ್ನ ಅಕ್ಕನಿಗೆ.’

ಪ್ರತಿ ತರಗತಿಯ ಓದುಮೂಲೆಯಲ್ಲೂ ಒಂದು ಪ್ರತಿ ಇರಬೇಕೆಂದು ಆದೇಶವಂತೆ. ನಾನು ಮೇಜಿನ ಖಾನೆಯಲ್ಲಿ ಬಚ್ಚಿಟ್ಟಿದ್ದನ್ನು ದೊಡ್ಡಮೇಡಂ ತೆಗೆದು ತಾವೇ ಕಪಾಟಿನಲ್ಲಿ ಇಟ್ಟು ಹೋದರು. ಹಿಂದಿನ ರಟ್ಟಿನಲ್ಲಿ ನಿಮ್ಮ ಫೋಟೋ ಇದೆ. ಮಕ್ಕಳು ಗುರುತು ಹಿಡಿದು ‘ಪಕ್ಕದ ಕ್ಲಾಸ್ ಮಿಸ್!’ ಎಂದು ಕುಣಿದರು.

ನಿನ್ನೆ ಬಿಡುವಿನಲ್ಲಿ ಪಿಸುಗುಟ್ಟಿ ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಕುರ್ಚಿಗೆ ಆತುಕೊಳ್ಳಲಿಲ್ಲ, ಎದುರಿಗೆ ನಿಂತಳು. ಮೂರು ತಿಂಗಳ ಮೇಲೆ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿದಳು. ಪಿಸುಗುಡಲಿಲ್ಲ.

‘ಮಿಸ್, ಕೃತಜ್ಞತೆ ಅಂದ್ರೇನು?’

ಅಷ್ಟು ಕಷ್ಟದ ಒತ್ತಕ್ಷರವನ್ನು ತಪ್ಪಿಲ್ಲದೆ ಓದಿದ್ದಳು. ಬೇರೆ ದಿನವಾಗಿದ್ದರೆ ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದೆ.

‘ಯಾರಾದ್ರೂ ನಮಗೆ ಏನಾದ್ರೂ ಕೊಟ್ಟಿದ್ರೆ, ಕೊಟ್ಟೋರನ್ನ ನೆನೆಯೋದು’ ಎಂದೆ.

‘ಇಲ್ಲಿರೋ ಅಕ್ಕ ನೀವಾ?’

‘ಹೌದು.’

‘ನೀವು ಏನ್ ಕೊಟ್ರಿ ಮಿಸ್?’

‘ನಿನ್ನ ಚೀಟಿ.’

ಅವಳು ಯೋಚಿಸಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಲೆಕ್ಕ ತಾಳೆಯಾಗದಾಗ ಮಕ್ಕಳ ಹುಬ್ಬು ಗಂಟಾಗುತ್ತದಲ್ಲ, ಹಾಗಿತ್ತು.

‘ಅದು ನಂದಲ್ವಾ?’

‘ನಿಂದೇ. ಕೇಳದೆ ಕೊಟ್ಟುಬಿಟ್ಟೆ. ತಪ್ಪು ನಂದು.’

ಅವಳು ಪುಸ್ತಕ ಮುಚ್ಚಿ, ಕಪಾಟಿನ ಹತ್ತಿರ ಹೋಗಿ, ಅದರ ಬೆನ್ನು ಹೊರಗೆ ಕಾಣುವ ಹಾಗೆ ಸಾಲಿನಲ್ಲಿ ನೇರವಾಗಿ ಜೋಡಿಸಿದಳು. ನಾನೇ ಕಲಿಸಿದ ರೀತಿ. ಆಮೇಲೆ ತನ್ನ ಬೆಂಚಿಗೆ ಹೋಗಿ ಕೂತಳು.

ಈ ವಾರದ ಫಾರಂನಲ್ಲಿ ಅವಳ ಹೆಸರಿನ ಮುಂದೆ ನಾಲ್ಕು ಪ್ರಶ್ನೆ ಎಂದು ಬರೆದು ಕಳಿಸಿದ್ದೇನೆ. ಯಾವ ಪ್ರಶ್ನೆಗಳೆಂದು ಬರೆಯಲು ಜಾಗವಿತ್ತು. ಖಾಲಿ ಬಿಟ್ಟಿದ್ದೇನೆ. ನಿಮಗೆ ತಿಳಿಸಿದೆ, ನಿಮ್ಮ ಪಾಲು ಅದರಲ್ಲಿ ಇರುವುದರಿಂದ. ಇನ್ನು ಮುಂದೆ ನನ್ನ ತರಗತಿಯ ಯಾವ ಮಾತೂ ಈ ಗೋಡೆ ದಾಟುವುದಿಲ್ಲ.

ಇಂತಿ,
ಮೂರನೇ ತರಗತಿಯ ಶಿಕ್ಷಕಿ